ಓಕ್ ಮರವೂ ಪಾದ್ರಿಗಳ ಅಡಗುದಾಣವೂ: ಎರಡನೆಯ ಚಾರ್ಲ್ಸನ ಅಜ್ಞಾತವಾಸ

1651ರ ಸೆಪ್ಟೆಂಬರ್ 3ರಂದು ವೂಸ್ಟರ್ ನಗರದಲ್ಲಿ ಆಲಿವರ್ ಕ್ರಾಮ್‌ವೆಲ್ಲನ ಸೇನೆ ಎರಡನೆಯ ಚಾರ್ಲ್ಸನ ಪಡೆಯನ್ನು ಸಂಪೂರ್ಣವಾಗಿ ಸೋಲಿಸಿತು. ಇಂಗ್ಲೆಂಡಿನ ಅಂತರ್ಯುದ್ಧದ ಕೊನೆಯ ಕಾಳಗವಿದು. ಇಪ್ಪತ್ತೊಂದರ ಹರೆಯದ ದೊರೆ ತಲೆತಪ್ಪಿಸಿಕೊಂಡು ಆರು ವಾರ ಅಲೆದು, ಅಕ್ಟೋಬರ್ 15ರಂದು ಶೋರ್‌ಹ್ಯಾಮಿನಲ್ಲಿ ಹಡಗನ್ನೇರಿ ಫ್ರಾನ್ಸಿಗೆ ಪಾರಾದನು. (ವರದಕ್ಷಿಣೆಯಾಗಿ ಪೋರ್ಚುಗಲ್ಲಿನಿಂದ ದೊರೆತ ಮುಂಬಯಿಯನ್ನು 1668ರಲ್ಲಿ ವರ್ಷಕ್ಕೆ 10 ಪೌಂಡುಗಳ ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದವನು ಇವನೇ.) ಅವನ ಸುಳಿವಿಗೆ 1000 ಪೌಂಡು ಬಹುಮಾನ ಸಾರಲಾಗಿತ್ತು. ಆರಡಿಗೂ ಮೀರಿದ ಎತ್ತರದ ಈ ಆಳನ್ನು ಬಚ್ಚಿಡುವುದು ಸುಲಭವಲ್ಲ. ಆದರೂ ಬಹುಮಾನದಾಸೆಗೆ ಅವನನ್ನು ಹಿಡಿದುಕೊಟ್ಟವರಿಲ್ಲ. ಇದು ಹೇಗೆ ಸಾಧ್ಯವಾಯಿತೆಂಬುದೇ ನಮ್ಮ ಪ್ರಶ್ನೆ.

ರಾಜನಿಷ್ಠೆಯೆಂಬ ರೂಢಿಯ ಉತ್ತರ ನಮಗೆ ಸಾಲದೆನಿಸುತ್ತದೆ. ಮೊದಲ ದಿನಗಳಲ್ಲಿ ಅವನಿಗೆ ಆಸರೆಯಿತ್ತವರು ಬಹುಮಟ್ಟಿಗೆ ಕ್ಯಾಥೊಲಿಕರು. ಎಲಿಜಬೆತ್ ರಾಣಿಯ ಕಾಲದಿಂದ ಅವರ ಪಾದ್ರಿಗಳು ನಾಡಿನಲ್ಲಿರುವುದೇ ರಾಜದ್ರೋಹವೆನಿಸಿತ್ತು; ಅವರಿಗೆ ಆಶ್ರಯ ಕೊಟ್ಟವರಿಗೂ ಮರಣದಂಡನೆಯಾಗಬಹುದಿತ್ತು. ಆದುದರಿಂದ ಅವರ ಮನೆಗಳಲ್ಲಿ ನೆಲದಡಿಯಲ್ಲಿ, ಗೋಡೆಗಳ ನಡುವೆ ಗುಪ್ತ ಕೋಣೆಗಳಿದ್ದವು. ಶೋಧನೆಗೆ ಬಂದವರೊಡನೆ ಎದೆಗುಂದದೆ ಮಾತನಾಡುವುದು, ಯಾರನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ಎರಡು ತಲೆಮಾರುಗಳಿಂದ ಅವರಿಗೆ ಕರಗತವಾಗಿತ್ತು. ಅರಸನಿಗೆ ದೊರೆತುದು ಈ ಸಿದ್ಧವಾದ ವ್ಯವಸ್ಥೆ. ಅದನ್ನು ಅನಿವಾರ್ಯಗೊಳಿಸಿದ ಶಾಸನಗಳು ಅವನ ಪೂರ್ವಿಕರವೇ ಆಗಿದ್ದವು.

ಬಾಸ್ಕೊಬೆಲ್ ಪ್ರದೇಶದ ಪೆಂಡರೆಲ್ ಸಹೋದರರು ಬಡ ಒಕ್ಕಲುಗಳು. ಅವರು ದೊರೆಯ ಕೂದಲು ಕತ್ತರಿಸಿ, ಒರಟು ಬಟ್ಟೆ ತೊಡಿಸಿದರು. ಅವನ ಕಾಲಿಗೆ ಹೊಂದುವ ಪಾದರಕ್ಷೆ ಮಾತ್ರ ಸಿಗಲಿಲ್ಲ. ರಾತ್ರಿಯ ನಡಿಗೆಯಲ್ಲಿ ಪಾದಗಳು ಒಡೆದು ರಕ್ತ ಸುರಿಯಿತು. ಸೆವರ್ನ್ ನದಿಯ ದಾಟುಗಳೆಲ್ಲ ಕಾವಲಿನಲ್ಲಿದ್ದುದರಿಂದ ಹಿಂದಿರುಗಿ, ಸೆಪ್ಟೆಂಬರ್ 6ರ ಹಗಲನ್ನು ಕರ್ನಲ್ ಕೇರ್‌ಲೆಸನೊಡನೆ ಓಕ್ ಮರದ ಮೇಲೆ ಕಳೆದನು. ಅಂದಿನ ರಾತ್ರಿ ಮಲಗಿದ್ದು ಮನೆಯ ಅಡಗುದಾಣದಲ್ಲಿ. ಮುಂದೆ ಮೋಸ್ಲಿಯಲ್ಲಿ ಅವನ ಪಾದಗಳ ಆರೈಕೆ ಮಾಡಿದವನು ಹಡಲ್‌ಸ್ಟನ್ ಎಂಬ ಪಾದ್ರಿ. ಸೈನಿಕರು ಬಾಗಿಲಿಗೆ ಬಂದು ಮನೆಯೊಡೆಯನನ್ನು ತರುಬಿದಾಗ ದೊರೆ ಪಾದ್ರಿಯ ಗುಪ್ತ ಕೋಣೆಯೊಳಗಿದ್ದನು.

ಬಳಿಕ ಜೇನ್ ಲೇನ್ ಎಂಬ ಮಹಿಳೆಯ ಸೇವಕನ ವೇಷದಲ್ಲಿ ಪಯಣ ಮುಂದುವರಿಯಿತು. ದಾರಿಯ ಮನೆಯೊಂದರಲ್ಲಿ ಮಾಂಸ ಸುಡುವ ಯಂತ್ರಕ್ಕೆ ಕೀಲಿ ಕೊಡಲು ತಿಳಿಯದೆ ಅಡುಗೆಯವಳಿಂದ ಬೈಸಿಕೊಂಡ 'ಸೇವಕ', ತನ್ನಂತಹ ಬಡವರು ಮಾಂಸ ಸುಡುವುದೇ ಅಪರೂಪವೆಂದು ನುಣುಚಿಕೊಂಡನಂತೆ.

ರಾಜಪ್ರಭುತ್ವವು 1660ರಲ್ಲಿ ಮರಳಿದ ಮೇಲೆ ಜನಮನದಲ್ಲಿ ನೆಲೆಗೊಂಡದ್ದು ಮರ. ಅವನು ಹುಟ್ಟಿದ ಹಾಗೂ ಲಂಡನ್ನಿಗೆ ಮರಳಿದ ಮೇ 29 ಓಕ್ ಎಲೆಗಳನ್ನು ಮುಡಿಯುವ ಹಬ್ಬವಾಯಿತು. 1859ರವರೆಗೆ ಅದಕ್ಕೆ ಶಾಸನದ ಮನ್ನಣೆಯಿತ್ತು. ಮರಕ್ಕೆ ಮತವಿಲ್ಲವಷ್ಟೆ! ಅಡಗುದಾಣವನ್ನು ಕೊಂಡಾಡಿದರೆ ಅದನ್ನು ಕಟ್ಟಿದವರೇಕೆ ಕಟ್ಟಿದರೆಂದು ಹೇಳಬೇಕಾಗುತ್ತಿತ್ತು.

ಸ್ಯಾಮ್ಯುಯಲ್ ಪೆಪಿಸನು ದೊರೆಯ ಬಾಯಿಂದಲೇ ಕೇಳಿ ಈ ಕಥನವನ್ನು ಬರೆದುಕೊಂಡದ್ದು 1680ರ ಅಕ್ಟೋಬರಿನಲ್ಲಿ, ಅಂದರೆ ಇಪ್ಪತ್ತೊಂಬತ್ತು ವರ್ಷಗಳ ತರುವಾಯ. ಕಾಲವನ್ನು ಸಂಶೋಧಕರು ಗಮನಿಸಬೇಕು. ಟೈಟಸ್ ಓಟ್ಸ್ ಹಬ್ಬಿಸಿದ ಸುಳ್ಳು ಸಂಚಿನ ಸುದ್ದಿಯಿಂದ 1678ರ ನಂತರ ಕ್ಯಾಥೊಲಿಕರು ಗಲ್ಲಿಗೇರುತ್ತಿದ್ದ ದಿನಗಳವು. ಪೆಂಡರೆಲ್ಲರಿಗೂ ಹಡಲ್‌ಸ್ಟನ್ನನಿಗೂ ಹಿಂದಿನ ಸೇವೆಯ ಹೆಸರಿನಲ್ಲಿ ವಿಶೇಷ ರಕ್ಷಣೆ ದೊರೆಯಿತು. ಉಳಿದ ಪಾದ್ರಿಗಳಿಗೆ ಹಳೆಯ ಶಾಸನಗಳೇ ಅನ್ವಯಿಸಿದವು.