ಕಣ್ಣಿಗೆ ಕಾಣದ ವಜ್ರ

ವಜ್ರವೆಂದ ಕೂಡಲೇ ನಿಮಗೇನು ನೆನಪಾಗುತ್ತದೆ? ಮದುಮಗಳ ಆಭರಣವೇ? ಗರುಡಾಚಾರ್‌ಪಾಳ್ಯದಲ್ಲಿ ಹೊಸ ಮನೆ ಕಟ್ಟುವಲ್ಲಿಯೂ ವಜ್ರವಿದೆ. ಗ್ರಾನೈಟ್ ಕೊಯ್ಯುವ ಬ್ಲೇಡಿನ ಅಂಚಿನಲ್ಲಿರುವುದು ಕೃತಕ ವಜ್ರದ ಹರಳುಗಳೇ. ಅದಕ್ಕಿಂತಲೂ ಎಷ್ಟೋ ಪಾಲು ಸಣ್ಣದು ನ್ಯಾನೋ ವಜ್ರ. ಅದರ ಅಗಲ ಕೇವಲ 4-5 ನ್ಯಾನೋಮೀಟರ್. ಒಂದು ತಲೆಗೂದಲಿನ ದಪ್ಪಕ್ಕೆ ಇಂಥ 10 ಸಾವಿರ ಕಣಗಳನ್ನು ಸಾಲಾಗಿ ಜೋಡಿಸಬಹುದು!

ಇದನ್ನು ತಯಾರಿಸುವ ಬಗೆ ಇನ್ನೂ ಸೋಜಿಗದ್ದು. ಟಿಎನ್‌ಟಿ ಮತ್ತು ಹೆಕ್ಸೋಜನ್ ಎಂಬ ಸ್ಫೋಟಕಗಳನ್ನು ಬೆರೆಸಿ, ಮುಚ್ಚಿದ ಉಕ್ಕಿನ ಕೋಣೆಯಲ್ಲಿ ಸಿಡಿಸುತ್ತಾರೆ. ಆ ಕ್ಷಣದ ಒತ್ತಡ ಮತ್ತು ಶಾಖಕ್ಕೆ ಸ್ಫೋಟಕದಲ್ಲಿದ್ದ ಇಂಗಾಲವೇ ವಜ್ರವಾಗುತ್ತದೆ. ಉಳಿದ ಮಸಿಯನ್ನು ತೀಕ್ಷ್ಣ ಆಮ್ಲದಲ್ಲಿ ಕುದಿಸಿದರೆ ಕಲ್ಮಶ ಕರಗಿ ವಜ್ರದ ಪುಡಿ ಸಿಗುತ್ತದೆ. 1963ರಲ್ಲಿ ಸೋವಿಯತ್ ವಿಜ್ಞಾನಿಗಳು ಇದನ್ನು ಕಂಡುಕೊಂಡರು. ನಾಶಕ್ಕೆಂದು ಮಾಡಿದ ವಸ್ತುವಿನಿಂದಲೇ ಔಷಧವನ್ನು ಹೊತ್ತೊಯ್ಯಬಲ್ಲ ಕಣಗಳನ್ನು ಪಡೆಯುವ ಸಂಶೋಧನೆ ಇಂದು ನಡೆದಿದೆ. ನಮ್ಮ ಬೆಂಗಳೂರಿನಲ್ಲಿಯೂ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಪ್ಲಾಸ್ಟಿಕ್‌ನಂಥ ವಸ್ತುವಿಗೆ ನ್ಯಾನೋ ವಜ್ರದಂಥ ಕಣಗಳನ್ನು ಬೆರೆಸಿ ಅದರ ಗಡಸುತನವನ್ನು ಹಲವು ಪಟ್ಟು ಹೆಚ್ಚಿಸಿದ್ದನ್ನು 2009ರಲ್ಲಿ ಪ್ರಕಟಿಸಿದರು.

ಆದರೆ ಆ ಬೂದು ಪುಡಿ ವಜ್ರವೇ, ಬರೀ ಮಸಿಯೇ ಎಂದು ತಿಳಿಯುವುದು ಹೇಗೆ? ಎಕ್ಸ್‌-ರೇ ಹಾಯಿಸಿದರೆ ಗೆರೆಗಳು ಮೂಡುತ್ತವೆ. ಕಣ ಸಣ್ಣದಾದಷ್ಟೂ ಗೆರೆ ಅಗಲ. ಇನ್ನೊಂದು ಸಾಕ್ಷಿ, 1928ರಲ್ಲಿ ಸಿ.ವಿ. ರಾಮನ್ ಕಂಡುಹಿಡಿದ ಬೆಳಕಿನ ಪರಿಣಾಮ. ಬೆಳಕು ತಾಗಿದಾಗ ವಜ್ರ 1332 ಎಂಬ ಅಂಕೆಯ ಬಳಿ ತನ್ನದೇ ಗೆರೆಯನ್ನು ತೋರುತ್ತದೆ. ಅದೇ ಅದರ ಬೆರಳಚ್ಚು.

ಓದುಗರೇ, ವಜ್ರದ ಬೆಳಕನ್ನು ಓದುವ ಈ ವಿದ್ಯೆಯಲ್ಲಿ ದುಡಿದವರಲ್ಲಿ ಒಬ್ಬ ಹೆಣ್ಣುಮಗಳೂ ಇದ್ದರೆಂಬುದು ನಿಮಗೆ ತಿಳಿದಿದೆಯೇ? ಅವರೇ ಕೇರಳದ ಅಣ್ಣಾ ಮಣಿ. ಎಂಟನೆಯ ಹುಟ್ಟುಹಬ್ಬಕ್ಕೆ ಮನೆಯವರು ವಜ್ರದ ಓಲೆ ಕೊಡಲು ಬಂದಾಗ, ಆಕೆ ಅದನ್ನು ಬಿಟ್ಟು ವಿಶ್ವಕೋಶದ ಸಂಪುಟಗಳನ್ನು ಕೇಳಿದರು. 1940ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ರಾಮನ್‌ರ ಪ್ರಯೋಗಾಲಯದಲ್ಲಿ 30ಕ್ಕೂ ಹೆಚ್ಚು ವಜ್ರಗಳನ್ನು ಪರೀಕ್ಷಿಸಿದರು. ಒಂದೊಂದು ಚಿತ್ರಕ್ಕೆ 15-20 ಗಂಟೆ ಕಾಯಬೇಕಿತ್ತು. ಐದು ಪ್ರಬಂಧಗಳನ್ನು ಒಬ್ಬರೇ ಬರೆದರು. ಆದರೂ 1945ರಲ್ಲಿ ಸಲ್ಲಿಸಿದ ಮಹಾಪ್ರಬಂಧಕ್ಕೆ, ಎಂ.ಎಸ್ಸಿ. ಪದವಿಯಿಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ಸಿಗಲಿಲ್ಲ. ಆಕೆ ಕುಗ್ಗಲಿಲ್ಲ. ಹವಾಮಾನ ಇಲಾಖೆಗೆ ಸೇರಿ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು.

ಮಗಳ ಮದುವೆಗೆಂದು ಒಡವೆ ಕೂಡಿಡುವ ಹೆತ್ತವರು ಒಮ್ಮೆ ಯೋಚಿಸಬೇಕು. ಓಲೆ ಕಿವಿಯಲ್ಲಿ ಉಳಿಯುತ್ತದೆ, ಕಷ್ಟಕಾಲದಲ್ಲಿ ಗಿರವಿ ಅಂಗಡಿಗೂ ಹೋಗುತ್ತದೆ. ವಿದ್ಯೆಯನ್ನು ಯಾರೂ ಅಡವಿಟ್ಟುಕೊಳ್ಳಲಾರರು. ಮಸಿಯೊಳಗೂ ವಜ್ರವನ್ನು ಅಡಗಿಸಿಟ್ಟ ಅಲ್ಲಾಹನು, ಅದನ್ನು ಹುಡುಕುವ ಬುದ್ಧಿಯನ್ನು ಗಂಡಿಗೂ ಹೆಣ್ಣಿಗೂ ಕೊಟ್ಟಿದ್ದಾನೆ. ನಿಮ್ಮ ಮನೆಯ ಹುಡುಗಿ ವಿಜ್ಞಾನ ಓದುತ್ತೇನೆಂದರೆ ಬೇಡವೆನ್ನಬೇಡಿ.