ದಿಲ್ಲಿಯ ಪಾಠ, ಹನೂರಿನ ಪರೀಕ್ಷೆ

2024ರ ಏಪ್ರಿಲ್ 26, ಲೋಕಸಭಾ ಚುನಾವಣೆಯ ಮತದಾನದ ದಿನ. ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗಿರುವ ಹನೂರು ತಾಲ್ಲೂಕಿನ ಇಂಡಿಗನತ್ತ ಎಂಬ ಹಳ್ಳಿಯ ಹೆಸರು ಅಂದು ಸಂಜೆಯ ಹೊತ್ತಿಗೆ ನಾಡಿನಾದ್ಯಂತ ಕೇಳಿಬಂತು. ಮತಗಟ್ಟೆ ಧ್ವಂಸವಾಗಿತ್ತು, ಮತಯಂತ್ರ ಒಡೆದಿತ್ತು. ಇದು ಸುದ್ದಿ. ರಸ್ತೆ, ನೀರು, ವಿದ್ಯುತ್ತಿಗಾಗಿ ಕಾದು ಬೇಸತ್ತ ಜನ ಮತದಾನ ಬಹಿಷ್ಕರಿಸಲು ಮೊದಲೇ ನಿರ್ಧರಿಸಿದ್ದರು. ಕೆಲವರು ಮತ ಹಾಕಲು ಮುಂದಾದಾಗ ಘರ್ಷಣೆಯಾಯಿತು. ಇದು ಸುದ್ದಿಯ ಹಿಂದಿನ ಸಂಗತಿ. ಮೂರು ದಿನಗಳ ನಂತರ ಮರುಮತದಾನ ನಡೆಯಿತು. ಘಟನೆಯನ್ನು ಒಂದು ಸಾಲಿನಲ್ಲಿ ಹೇಳಬಹುದು. ಕಾರಣವನ್ನು ಹೇಳಲು ಊರನ್ನು ಬಲ್ಲವರೇ ಬೇಕು.

ಕಾರಣವನ್ನು ಕಾಣುವ ಈ ಕಣ್ಣನ್ನು ಪಾಠ ಹೇಳಿ ಕೊಡಲು ಸಾಧ್ಯವೆ? ಸಾಧ್ಯ ಎಂಬ ನಂಬಿಕೆಯ ಮೇಲೆಯೇ ಪತ್ರಿಕೋದ್ಯಮ ತರಬೇತಿ ಸಂಸ್ಥೆಗಳು ನಿಂತಿವೆ. ಅವುಗಳಲ್ಲಿ ರಾಷ್ಟ್ರಮಟ್ಟದ್ದು ದಿಲ್ಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆ. ಯುನೆಸ್ಕೋ ಹಾಗೂ ಫೋರ್ಡ್ ಪ್ರತಿಷ್ಠಾನದ ತಜ್ಞರ ತಂಡದ ಸಲಹೆಯಂತೆ ಸ್ಥಾಪನೆಯಾದ ಇದನ್ನು 1965ರ ಆಗಸ್ಟ್ 17ರಂದು ಆಗಿನ ವಾರ್ತಾ ಮತ್ತು ಪ್ರಸಾರ ಸಚಿವೆ ಇಂದಿರಾ ಗಾಂಧಿ ಉದ್ಘಾಟಿಸಿದರು. ಮೊದಲಿಗೆ ಸರ್ಕಾರದ ವಾರ್ತಾ ಸೇವೆಯ ಅಧಿಕಾರಿಗಳ ತರಬೇತಿಯೇ ಅದರ ಮುಖ್ಯ ಕೆಲಸವಾಗಿತ್ತು. 1969ರಲ್ಲಿ ಆಫ್ರಿಕಾ, ಏಷ್ಯಾ ದೇಶಗಳ ಪತ್ರಕರ್ತರಿಗಾಗಿ ಶಿಕ್ಷಣಕ್ರಮವೊಂದು ಆರಂಭವಾಯಿತು. ಅಭಿವೃದ್ಧಿ ಪತ್ರಿಕೋದ್ಯಮ ಎಂಬ ಕಲ್ಪನೆ ಬಲಗೊಳ್ಳುತ್ತಿದ್ದ ಕಾಲವದು. ಘಟನೆಯನ್ನಷ್ಟೇ ಅಲ್ಲ, ಅದಕ್ಕೆ ದಾರಿಮಾಡಿದ ಪ್ರಕ್ರಿಯೆಯನ್ನೂ ವರದಿ ಮಾಡಬೇಕೆಂಬುದು ಅದರ ತಿರುಳು. ಇಂಡಿಗನತ್ತದಲ್ಲಿ ಬೇಕಾಗಿದ್ದುದೂ ಅದೇ.

ಸಂಸ್ಥೆ 1993ರಲ್ಲಿ ಒಡಿಶಾದ ಢೇಂಕನಾಲ್‌ನಲ್ಲಿ ಶಾಖೆ ತೆರೆಯಿತು. ಮುಂದೆ ಐಜ್ವಾಲ್, ಅಮರಾವತಿ, ಕೊಟ್ಟಾಯಂ, ಜಮ್ಮುಗಳಲ್ಲೂ ಕೇಂದ್ರಗಳಾದವು. 2024ರಲ್ಲಿ ಅದಕ್ಕೆ ವಿಶ್ವವಿದ್ಯಾಲಯಕ್ಕೆ ಸಮಾನವಾದ ಸ್ಥಾನಮಾನ ದೊರೆಯಿತು. ಇಂಗ್ಲಿಷ್, ಹಿಂದಿಗಳ ಜೊತೆಗೆ ಉರ್ದು, ಒಡಿಯಾ, ಮರಾಠಿ, ಮಲಯಾಳಂ ಪತ್ರಿಕೋದ್ಯಮಕ್ಕೂ ಅಲ್ಲಿ ಸ್ಥಾನ ಸಿಕ್ಕಿತು. ಕನ್ನಡಕ್ಕೆ ಆ ಭಾಗ್ಯ ಬರಲಿಲ್ಲ.

ಆದರೆ ಕನ್ನಡನಾಡು ಈ ವಿದ್ಯೆಗೆ ದಿಲ್ಲಿಯನ್ನು ಕಾದು ಕುಳಿತಿರಲಿಲ್ಲ. 1843ರ 'ಮಂಗಳೂರ ಸಮಾಚಾರ'ದಿಂದ ಮೊದಲ್ಗೊಂಡು ಒಂದು ಶತಮಾನ ಕಾಲ ಪತ್ರಿಕಾ ಕಚೇರಿಯೇ ಶಾಲೆ, ಹಿರಿಯ ಸಂಪಾದಕನೇ ಗುರು. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿ ಅವರು ಪತ್ರಿಕೋದ್ಯಮದ ಬೋಧನೆಗೆ ಅಡಿಪಾಯ ಹಾಕಿದರು. ಅದು ದಿಲ್ಲಿಯ ಸಂಸ್ಥೆಗಿಂತ 14 ವರ್ಷ ಹಿರಿದು. ಕೊಳ್ಳೇಗಾಲ, ಯಳಂದೂರುಗಳಿಂದ ಪತ್ರಕರ್ತನಾಗಲು ಹೊರಟ ಹುಡುಗನಿಗೆ ಹತ್ತಿರದ ಬಾಗಿಲೂ ಮೈಸೂರಿನದೇ.

ಈ ಸೀಮೆಯ ಪತ್ರಕರ್ತನಿಗೆ ಎದುರಾಗುವ ಪರೀಕ್ಷೆಗಳು ಸಾಮಾನ್ಯವಲ್ಲ. ಕೊಳ್ಳೇಗಾಲ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಗ ಅದರಲ್ಲೇ ಸೇರಿದ್ದ ಹನೂರು ಭಾಗದಲ್ಲಿ ಇಂದಿಗೂ ಕನ್ನಡ, ತಮಿಳು, ಸೋಲಿಗರ ನುಡಿ ಜೊತೆಜೊತೆಗೆ ಕೇಳುತ್ತವೆ; ಒಡೆಯರಪಾಳ್ಯದಲ್ಲಿ ಟಿಬೆಟನ್ನರ ನೆಲೆಯೂ ಇದೆ. ವೀರಪ್ಪನ್ ಹುಟ್ಟೂರಾದ ಗೋಪಿನಾಥಂ ಕೂಡ ಇಲ್ಲಿಯದೇ. 1993ರ ಏಪ್ರಿಲ್‌ನ ಪಾಲಾರ್ ಸ್ಫೋಟದಂಥ ಘಟನೆಗಳು ಮುಖಪುಟ ತುಂಬಿದವು. ಆದರೆ ಒಂದೆಡೆ ದಂತಚೋರನ ಬಂದೂಕು, ಇನ್ನೊಂದೆಡೆ ಕಾರ್ಯಪಡೆಯ ಶೋಧ, ಇವುಗಳ ನಡುವೆ ನಲುಗಿದ ಹಳ್ಳಿಗರ ದೂರುಗಳಿಗೆ ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಕಿವಿಗೊಟ್ಟದ್ದು ತಡವಾಗಿ. 89 ಮಂದಿಗೆ ಪರಿಹಾರ ನೀಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಹೇಳುವಾಗ 2007 ಬಂದಿತ್ತು. ಪೊಲೀಸರ ಹೇಳಿಕೆಯೊಂದೇ ವರದಿಯಲ್ಲ, ಮತ್ತೊಂದು ಕಡೆಯನ್ನೂ ಕೇಳಬೇಕು ಎಂಬ ತರಗತಿಯ ಮೊದಲ ಪಾಠಕ್ಕೆ ಕಾಡಿನಲ್ಲಿ ಎಷ್ಟು ಬೆಲೆ ಎಂಬುದನ್ನು ಇದು ತೋರಿಸುತ್ತದೆ.

2018ರ ಡಿಸೆಂಬರ್ 14ರಂದು ಸುಳ್ವಾಡಿಯ ಕಿಚ್ಚುಗುತ್ ಮಾರಮ್ಮನ ದೇವಾಲಯದಲ್ಲಿ ಕ್ರಿಮಿನಾಶಕ ಬೆರೆತ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, 17 ಮಂದಿ ತೀರಿಕೊಂಡರು. ರೋಗಿಗಳು ಕೊಳ್ಳೇಗಾಲದಿಂದ ಮೈಸೂರಿನವರೆಗೆ ಹಲವು ಆಸ್ಪತ್ರೆಗಳಲ್ಲಿ ಹಂಚಿಹೋಗಿದ್ದರು. ಮೊದಲ ದಿನದ ಸಾವಿನ ಸಂಖ್ಯೆ ಕೊನೆಯ ಸಂಖ್ಯೆಯಾಗಿರಲಿಲ್ಲ. ಇಂಥಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಕೇಳಿ ತಾಳೆ ನೋಡುವುದು, ಬದುಕಿರುವವರ ಹೆಸರು ಸತ್ತವರ ಪಟ್ಟಿಗೆ ಸೇರದಂತೆ ನೋಡಿಕೊಳ್ಳುವುದು, ಆರೋಪಿಯನ್ನು ಅಪರಾಧಿ ಎಂದು ಕರೆಯದಿರುವುದು, ಇವೆಲ್ಲ ಅಭ್ಯಾಸದಿಂದ ಬರುವ ಶಿಸ್ತು.

ಸದ್ದಿಲ್ಲದ ಸುದ್ದಿಗೆ ಇನ್ನೊಂದು ಬಗೆಯ ಸಿದ್ಧತೆ ಬೇಕು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಅಲ್ಲಿ ಗುಂಡು ಹಾರಲಿಲ್ಲ, ಯಾರೂ ಸಾಯಲಿಲ್ಲ. ಜೇನು, ನೆಲ್ಲಿಕಾಯಿ ಸಂಗ್ರಹಿಸುವವರ ಬದುಕಿಗೆ ಆ ಕಾಗದದಿಂದ ಏನಾಗುತ್ತದೆ ಎಂದು ತಿಳಿಸಲು 2006ರ ಅರಣ್ಯ ಹಕ್ಕು ಕಾಯ್ದೆಯನ್ನು ಓದಿ ಅರ್ಥಮಾಡಿಕೊಂಡ ವರದಿಗಾರ ಬೇಕು.

ವಿಪರ್ಯಾಸವಿರುವುದು ಇಲ್ಲಿಯೇ. ಇಂಥ ಊರುಗಳಿಂದ ಮೊದಲ ಸಾಲು ಬರೆದು ಕಳಿಸುವವನು ಸಾಮಾನ್ಯವಾಗಿ ತಾಲ್ಲೂಕಿನ ಬಿಡಿ ಸುದ್ದಿಗಾರ. ದಿಲ್ಲಿಯ ತರಗತಿ ಅವನಿಗೆ ದೂರ. ರಾಜ್ಯದ ಮಾಧ್ಯಮ ಅಕಾಡೆಮಿಯ ಕಾರ್ಯಾಗಾರ, ಹಿರಿಯರ ತಿದ್ದುಪಡಿ, ಇವೇ ಅವನ ವಿದ್ಯಾಪೀಠ. ಅವನು ತಪ್ಪಿದರೆ ಆ ತಪ್ಪು ಬೆಂಗಳೂರು, ದಿಲ್ಲಿಗಳಲ್ಲಿ ಹಾಗೆಯೇ ಮರುಮುದ್ರಣವಾಗುತ್ತದೆ. ಮೊಬೈಲ್ ಬಂದ ಮೇಲಂತೂ ತಿದ್ದಲು ಬಿಡುವೂ ಇಲ್ಲ. ರಾಷ್ಟ್ರೀಯ ಸಂಸ್ಥೆಯೊಂದರ ಸಾರ್ಥಕತೆಯನ್ನು ಅದು ಹಂಚಿದ ಪದವಿಗಳಿಂದ ಅಳೆಯುವುದು ಸುಲಭ. ಆದರೆ ಅದರ ಪಾಠ ಹನೂರಿನ ಬಸ್ ನಿಲ್ದಾಣದವರೆಗೆ, ಅಲ್ಲಿನವರ ಮಾತಿನಲ್ಲೇ ತಲುಪಿತೆ ಎಂಬುದೇ ನಿಜವಾದ ಅಳತೆಗೋಲು.