ಮಾಸುಂದಾ ಕೆರೆ ದಂಡೆಯ ಇಗರ್ಜಿ

ಠಾಣೆ ಸ್ಟೇಷನ್ನಿನ ಪಶ್ಚಿಮಕ್ಕಿಳಿದು ಪೇಟೆಯ ನೂಕುನುಗ್ಗಲಲ್ಲಿ ಸ್ವಲ್ಪ ದೂರ ನಡೆದರೆ ಮಾಸುಂದಾ ಕೆರೆ ಸಿಗುತ್ತದೆ. ಊರವರ ಬಾಯಲ್ಲಿ ಅದು ತಲಾವ್‌ಪಾಳಿ. ಸಂಜೆಯಾದರೆ ದೋಣಿ ವಿಹಾರದವರು, ಭೇಲ್‌ಪುರಿ ಗಾಡಿಗಳು, ಕೈಬೀಸಿ ನಡೆಯುವ ನಿವೃತ್ತರು. ಈ ಗದ್ದಲದ ಮಗ್ಗುಲಲ್ಲೇ ಸಂತ ಸ್ನಾನಿಕ ಯೋವಾನ್ನರ ಇಗರ್ಜಿ ಇದೆ, ಅದೇ ಸಂತರ ಹೆಸರಿನ ಶಾಲೆಯೂ ಇದೆ. ಪೋರ್ಚುಗೀಸರ ಕಾಲದಲ್ಲಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ನೆಲೆನಿಂತ ಜಾಗವಿದು. 1737ರಲ್ಲಿ ಠಾಣೆ ಮರಾಠರ ವಶವಾಯಿತು, 1739ರಲ್ಲಿ ವಸಯಿಯೂ ಬಿತ್ತು. ಪೋರ್ಚುಗೀಸ್ ಪಾದ್ರಿಗಳು ಗಂಟುಮೂಟೆ ಕಟ್ಟಿದರು. ಸ್ಥಳೀಯ ಪಾದ್ರಿಗಳು ಉಳಿದುಕೊಂಡು ಪೂಜೆ ನಡೆಸಿದರು. 1774ರಲ್ಲಿ ಇಂಗ್ಲಿಷರು ಬಂದರು. ದೊರೆಗಳು ಬದಲಾದರೂ ಕೆರೆ ದಂಡೆಯ ಪ್ರಾರ್ಥನೆ ನಿಲ್ಲಲಿಲ್ಲ.

ಇಲ್ಲಿಗೆ ಬರುವ ಭಕ್ತರು ಪವಿತ್ರ ಜೀವನವೆಂದರೆ ಏನೆಂದು ತಿಳಿಯುತ್ತಾರೆ? ಕ್ರೈಸ್ತ ಬೋಧನೆಯ ಪ್ರಕಾರ ಅದು ವ್ರತ, ಉಪವಾಸ, ದಾನಗಳಿಂದ ಗಳಿಸಿಕೊಳ್ಳುವ ಪದವಿಯಲ್ಲ. ದೇವರ ಕೃಪೆ ಮೊದಲು, ಮನುಷ್ಯನ ಪ್ರಯತ್ನ ಆಮೇಲೆ. ಎಫೆಸದವರಿಗೆ ಬರೆದ ಪತ್ರದ ತಿರುಳೂ ಇದೇ: ರಕ್ಷಣೆ ದೇವರ ಕೊಡುಗೆ, ಸತ್ಕಾರ್ಯ ಅದರ ಫಲ. ಕಥೋಲಿಕರಲ್ಲಿ ಈ ಕೃಪೆ ಜ್ಞಾನಸ್ನಾನದಲ್ಲಿ ಬರುತ್ತದೆ, ಪಾಪನಿವೇದನೆಯಲ್ಲಿ ಮರಳಿ ದೊರೆಯುತ್ತದೆ, ಬಲಿಪೂಜೆಯ ಪ್ರಸಾದದಲ್ಲಿ ಬಲ ಪಡೆಯುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಇದನ್ನು ಇನ್ನಷ್ಟು ಬಿಡಿಸಿ ಹೇಳಿತು. ಪಾವಿತ್ರ್ಯ ಪಾದ್ರಿಗಳಿಗೂ ಕನ್ಯಾಸ್ತ್ರೀಯರಿಗೂ ಮೀಸಲಲ್ಲ. ಸಂಸಾರಸ್ಥರಿಗೂ ಕೂಲಿಕಾರರಿಗೂ ಅದೇ ಕರೆ ಇದೆ.

ಠಾಣೆ ಸೀಮೆಯ ಚರಿತ್ರೆ ಆ ಮಾತಿಗೆ ಬಹಳ ಹಿಂದಿನಿಂದ ಉದಾಹರಣೆಗಳನ್ನು ಕೂಡಿಸಿಟ್ಟಿದೆ.

ಮೊದಲು, ಇಲ್ಲಿ ಕ್ರೈಸ್ತರ ನೆಲೆ ಎಷ್ಟು ಹಳೆಯದೆಂಬ ಮಾತು. ಆರನೇ ಶತಮಾನದ ನಡುಭಾಗದಲ್ಲಿ ಅಲೆಕ್ಸಾಂಡ್ರಿಯಾದ ವರ್ತಕ ಕಾಸ್ಮಾಸ್ ತನ್ನ ಗ್ರಂಥದಲ್ಲಿ ‘ಕಲ್ಲಿಯಾನ’ ಎಂಬ ಬಂದರನ್ನು ಹೆಸರಿಸಿ, ಅಲ್ಲಿ ಪರ್ಷಿಯಾದಿಂದ ನೇಮಕಗೊಂಡ ಮೇತ್ರಾಣಿ ಇದ್ದಾರೆಂದು ಬರೆದ. ಅದು ಇಂದಿನ ಕಲ್ಯಾಣ್ ಜಂಕ್ಷನ್ನಿನ ಊರೇ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಅಲ್ಲ, ಉಡುಪಿ ಬಳಿಯ ಕಲ್ಯಾಣಪುರ ಎನ್ನುವ ವಾದವೂ ಇದೆ. ಡೊಂಬಿವಲಿಯಲ್ಲಿ ನೆಲೆಸಿದ ಕರಾವಳಿಯವರಿಗೆ ಈ ಜಗಳದಲ್ಲಿ ಯಾರ ಪಕ್ಷ ವಹಿಸಬೇಕೆಂಬ ಪೇಚು. ಕಾಕತಾಳೀಯವೋ ಏನೋ, 1988ರಲ್ಲಿ ಸಿರೊ-ಮಲಬಾರ್ ಕಥೋಲಿಕರಿಗಾಗಿ ಸ್ಥಾಪನೆಯಾದ ಧರ್ಮಪ್ರಾಂತ್ಯಕ್ಕೂ ಕಲ್ಯಾಣದ ಹೆಸರೇ ಬಂತು. ಅವರ ಆರಾಧನಾ ಪರಂಪರೆಯ ಬೇರು ಕಾಸ್ಮಾಸ್ ಕಂಡ ಅದೇ ಪೂರ್ವ ಸಿರಿಯನ್ ಸಭೆಯಲ್ಲಿದೆ.

1321ರ ಏಪ್ರಿಲ್‌ನಲ್ಲಿ ಠಾಣೆಯಲ್ಲಿ ನಡೆದ ಘಟನೆ ಯುರೋಪಿನವರೆಗೂ ಸುದ್ದಿಯಾಯಿತು. ಟೊಲೆಂಟಿನೊದ ಥಾಮಸ್, ಪಾದುವಾದ ಜೇಮ್ಸ್, ಸಿಯೆನಾದ ಪೀಟರ್ ಮತ್ತು ಟಿಫ್ಲಿಸ್‌ನ ಡೆಮೆಟ್ರಿಯಸ್ ಎಂಬ ನಾಲ್ವರು ಫ್ರಾನ್ಸಿಸ್ಕನ್ನರು ಹಡಗಿನಲ್ಲಿ ಬಂದು ಇಲ್ಲಿ ಇಳಿದಿದ್ದರು. ಆಗ ಊರಿನಲ್ಲಿ ನೆಸ್ಟೋರಿಯನ್ (ಅಂದರೆ ಪೂರ್ವ ಸಿರಿಯನ್ ಸಭೆಯ) ಕ್ರೈಸ್ತರ 15 ಮನೆಗಳಿದ್ದವು, ಅದರಲ್ಲೊಂದು ಮನೆಯಲ್ಲಿ ಇವರ ಬಿಡಾರ. ಆ ಮನೆಯ ಗಂಡ ಹೆಂಡತಿಗೆ ಹೊಡೆದ. ಆಕೆ ಖಾಜಿಯ ಬಳಿ ದೂರು ಒಯ್ದಳು. ಸಾಕ್ಷಿ ಹೇಳಲು ಸನ್ಯಾಸಿಗಳಿಗೆ ಕರೆ ಬಂತು. ಸಂಸಾರದ ವ್ಯಾಜ್ಯ ಧರ್ಮದ ವಾಗ್ವಾದಕ್ಕೆ ತಿರುಗಿ, ಕೊನೆಗೆ ನಾಲ್ವರೂ ಪ್ರಾಣ ತೆತ್ತರು. ಅವರ ಜೊತೆಗಾರ ಜೋರ್ಡಾನಸ್ ಶವಗಳನ್ನು ಸೋಪಾರದಲ್ಲಿ ಹೂಳಿದ. ಅವನೇ 1329ರಲ್ಲಿ ಕೊಲ್ಲಂನ ಮೇತ್ರಾಣಿಯಾಗಿ ನೇಮಕಗೊಂಡ. ಕೆಲ ಕಾಲದ ಮೇಲೆ ಬಂದ ಯಾತ್ರಿಕ ಓಡೊರಿಕ್ ಆ ಅಸ್ಥಿಗಳನ್ನು ಹೊತ್ತು ಚೀನಾಕ್ಕೆ ಹೋದ. ಕಥೆ ನಮಗೆ ಇಷ್ಟು ವಿವರವಾಗಿ ಸಿಕ್ಕಿದ್ದು ಈ ಇಬ್ಬರ ಬರಹದಿಂದ. ಥಾಮಸರನ್ನು 1894ರಲ್ಲಿ ಪೋಪ್ ಹದಿಮೂರನೇ ಲಿಯೊ ಪುನೀತರ ಸಾಲಿಗೆ ಸೇರಿಸಿದರು.

ಈ ನಾಲ್ವರು ಹೊರಗಿನಿಂದ ಬಂದವರು. ನೆಲದ ಮಗ ಎನ್ನಿಸಿಕೊಳ್ಳುವ ಸಂತ ಬೇಕಿದ್ದರೆ ವಸಯಿಯ ಗೊನ್ಸಾಲೊ ಗಾರ್ಸಿಯಾ ಇದ್ದಾರೆ. ವಸಯಿ 2014ರಲ್ಲಿ ಪಾಲ್ಘರ್ ಜಿಲ್ಲೆಗೆ ಸೇರುವವರೆಗೂ ಠಾಣೆ ಜಿಲ್ಲೆಯಲ್ಲೇ ಇತ್ತು. ತಂದೆ ಪೋರ್ಚುಗೀಸ್, ತಾಯಿ ಕೊಂಕಣದವಳು. ಜೆಸ್ವಿಟರ ಬಳಿ ಓದಿದ ಹುಡುಗ ಜಪಾನಿಗೆ ಹೋದ, ಭಾಷೆ ಕಲಿತ, ವ್ಯಾಪಾರದಲ್ಲಿ ಕೈತುಂಬ ಸಂಪಾದಿಸಿದ. ಆಮೇಲೆ ಮನಿಲಾದಲ್ಲಿ ಫ್ರಾನ್ಸಿಸ್ಕನ್ ಸಭೆ ಸೇರಿದ. ಗುರುಪಟ್ಟ ಪಡೆಯಲಿಲ್ಲ, ಸಾದಾ ಸಹೋದರನಾಗಿಯೇ ಉಳಿದ. ಜಪಾನೀ ಭಾಷೆ ಬರುತ್ತಿದ್ದುದರಿಂದ ದುಭಾಷಿಯಾಗಿ ಮತ್ತೆ ಆ ದೇಶಕ್ಕೆ ಹೋದವನನ್ನು 1597ರ ಫೆಬ್ರವರಿ 5ರಂದು ನಾಗಸಾಕಿಯಲ್ಲಿ ಇತರ 25 ಮಂದಿಯ ಜೊತೆ ಶಿಲುಬೆಗೇರಿಸಲಾಯಿತು. 1862ರಲ್ಲಿ ಸಂತ ಪದವಿ ಬಂತು. ಭಾರತದಲ್ಲಿ ಹುಟ್ಟಿ ಆ ಪದವಿ ಪಡೆದ ಮೊದಲಿಗರು ಅವರು.

ಹಾಗಂತ ಕೃಪೆಯ ಬದುಕೆಂದರೆ ರಕ್ತ ಚೆಲ್ಲುವುದೇ ಎಂದುಕೊಳ್ಳಬೇಕಿಲ್ಲ. ಈ ಭಾಗದ ಮೂಲ ಕ್ರೈಸ್ತರು 1887ರಿಂದ ತಮ್ಮನ್ನು ‘ಈಸ್ಟ್ ಇಂಡಿಯನ್’ ಎಂದು ಕರೆದುಕೊಂಡವರು: ಗದ್ದೆ ಮಾಡಿದವರು, ಮೀನು ಹಿಡಿದವರು, ಉಪ್ಪು ಬೆಳೆದವರು. ಅವರ ಗಾವಠಾಣಗಳಲ್ಲಿ ಕವಲುದಾರಿಗೊಂದು ಕಲ್ಲಿನ ಶಿಲುಬೆ ಸಿಗುತ್ತದೆ. ಮುಂಬಯಿ, ಸಾಲ್ಸೆಟ್ ಸೀಮೆಯ ಇಂಥ ಹಲವು ಶಿಲುಬೆಗಳು 1896ರ ಪ್ಲೇಗಿನ ದಿನಗಳಲ್ಲಿ ನೆಟ್ಟವು. ಮೇ ತಿಂಗಳು ಬಂತೆಂದರೆ ಓಣಿಯವರೆಲ್ಲ ಅವಕ್ಕೆ ಹೂವು ಮುಡಿಸಿ, ಮೇಣದಬತ್ತಿ ಹಚ್ಚಿ, ಜಪಸರ ಹೇಳುತ್ತಾರೆ. ಅಕ್ಟೋಬರಿನ ಮೊದಲ ಭಾನುವಾರ ‘ಆಗೇರಾ’, ಹೊಸ ತೆನೆಯ ಹಬ್ಬ. ಭತ್ತದ ಸೂಡನ್ನು ಮೆರವಣಿಗೆಯಲ್ಲಿ ತಂದು ಗುರುಗಳಿಂದ ಆಶೀರ್ವಾದ ಮಾಡಿಸಿ, ತೆನೆಯನ್ನು ಮನೆಮನೆಗೆ ಒಯ್ಯುತ್ತಾರೆ. ಮಂಗಳೂರು ಕಡೆಯ ಕಥೋಲಿಕರು ಸೆಪ್ಟೆಂಬರ್ 8ರಂದು ಮಾಡುವ ತೆನೆಹಬ್ಬ ಕಂಡವರಿಗೆ ಇದು ಹೊಸದೆನಿಸದು. ಬೆಳೆ ತನ್ನ ದುಡಿಮೆಯದಾದರೂ ಮೊದಲ ತೆನೆ ಕೊಟ್ಟವನಿಗೆ: ಕೃಪೆಯ ಪಾಠವನ್ನು ರೈತ ಕಲಿತದ್ದು ಹೀಗೆ. ಗದ್ದೆಗಳ ಮೇಲೆ ಬಹುಮಹಡಿ ಕಟ್ಟಡಗಳೆದ್ದ ಮೇಲೂ ಹಬ್ಬ ನಡೆಯುತ್ತಿದೆ.

ಪ್ರೊಟೆಸ್ಟೆಂಟರ ದಾರಿ ಸ್ವಲ್ಪ ಬೇರೆ. ಠಾಣೆಯ ಸೇಂಟ್ ಜೇಮ್ಸ್ ಚರ್ಚನ್ನು 1825ರಲ್ಲಿ ಕಲ್ಕತ್ತೆಯ ಬಿಷಪ್ ರೆಜಿನಾಲ್ಡ್ ಹೀಬರ್ ಪ್ರತಿಷ್ಠಾಪಿಸಿದ್ದರು. ಆದರೆ ಪವಿತ್ರ ಜೀವನವನ್ನೇ ಪ್ರಧಾನ ಬೋಧನೆಯಾಗಿ ಹಿಡಿದವರು ಮೆಥಡಿಸ್ಟರು. ಬೀದರ್, ಕಲಬುರಗಿ ಸೀಮೆಯ ಕನ್ನಡ ಕ್ರೈಸ್ತರಿಗೆ ಈ ಸಭೆ ಮನೆಯಂಗಳದಷ್ಟೇ ಪರಿಚಿತ. ಅಮೆರಿಕದ ವಿಲಿಯಂ ಟೇಲರ್ 1871ರ ಕೊನೆಗೆ ಮುಂಬಯಿಗೆ ಬಂದು ಸಭೆ ಕಟ್ಟಿದರು, 1874ರಲ್ಲಿ ಬೆಂಗಳೂರಿಗೂ ಹೋದರು. ಮೆಥಡಿಸ್ಟರ ಮೂಲಗುರು ಜಾನ್ ವೆಸ್ಲಿ ಹೇಳಿಕೊಟ್ಟದ್ದು ಬಹಳ ಸರಳ ವಿಧಾನ. ಹನ್ನೆರಡು ಮಂದಿಯಷ್ಟು ಜನ ವಾರಕ್ಕೊಮ್ಮೆ ಕೂಡುವುದು, ಒಬ್ಬೊಬ್ಬರೂ ಆ ವಾರ ತಮ್ಮ ಆತ್ಮದ ಸ್ಥಿತಿ ಹೇಗಿತ್ತೆಂದು ಉಳಿದವರ ಮುಂದೆ ಹೇಳುವುದು. ಎಡವಿದ್ದರೆ ಪ್ರಾರ್ಥಿಸುವುದು, ಎದ್ದಿದ್ದರೆ ದೇವರನ್ನು ಸ್ತುತಿಸುವುದು.

ರಕ್ಷಣೆ ಕೃಪೆಯಿಂದಲೋ ಕ್ರಿಯೆಯಿಂದಲೋ ಎಂಬುದು ಲೂಥರನ ಕಾಲದಿಂದ ಸಭೆಗಳನ್ನು ಒಡೆದ ಪ್ರಶ್ನೆ. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕಥೋಲಿಕರೂ ಲೂಥರನ್ನರೂ ಈ ಬಗ್ಗೆ ಜಂಟಿ ಘೋಷಣೆಗೆ ಸಹಿ ಹಾಕಿದರು. ಮೆಥಡಿಸ್ಟರು 2006ರಲ್ಲಿ ದನಿಗೂಡಿಸಿದರು. ಕೃಪೆಯೇ ಮೊದಲು ಎಂಬುದರಲ್ಲಿ ಈಗ ಮೂವರದೂ ಒಂದೇ ಮಾತು. ಪ್ರಭುಭೋಜನದ ಪಂಕ್ತಿ ಮಾತ್ರ ಇಂದಿಗೂ ಬೇರೆಬೇರೆ.

ಸತ್ಕಾರ್ಯ ಕೃಪೆಯ ಫಲ ಎಂಬುದಕ್ಕೆ ಹತ್ತಿರದಲ್ಲೇ ಒಂದು ಉದಾಹರಣೆ ಇದೆ. ಅದೇ 1999ರಲ್ಲಿ ನವಿ ಮುಂಬಯಿಯ ಅಂಚಿನಲ್ಲಿ, ಹೊಸ ಪನ್ವೇಲಿನ ಬಳಿ, ಪಾಸ್ಟರ್ ಕೆ.ಎಂ. ಫಿಲಿಪ್ ‘ಸೀಲ್’ ಎಂಬ ಆಶ್ರಮ ತೆರೆದರು. ಪ್ಲ್ಯಾಟ್‌ಫಾರ್ಮಿನಲ್ಲಿ, ಫುಟ್‌ಪಾತಿನಲ್ಲಿ ಬಿದ್ದವರನ್ನು, ಹುಣ್ಣು ಕೊಳೆತವರನ್ನು, ಬುದ್ಧಿ ಸ್ಥಿಮಿತ ತಪ್ಪಿದವರನ್ನು ಕರೆತಂದು ತೊಳೆದು, ಔಷಧೋಪಚಾರ ಮಾಡುವುದು ಇಲ್ಲಿನ ಕೆಲಸ. ಗುಣವಾದವರ ಊರು, ಮನೆಯನ್ನು ಪೊಲೀಸರ ನೆರವಿನಿಂದ ಹುಡುಕುತ್ತಾರೆ. ವರ್ಷಗಟ್ಟಲೆ ಕಾಣೆಯಾಗಿದ್ದವರು ದೂರದ ರಾಜ್ಯಗಳ ತಮ್ಮ ಮನೆ ಸೇರಿದ್ದುಂಟು. ಯಾರೂ ಹುಡುಕಿಕೊಂಡು ಬಾರದವರು ಆಶ್ರಮದಲ್ಲೇ ಉಳಿಯುತ್ತಾರೆ.